‘ಪಿಂಗ್ ಬಂತು ನೋಡಿ’ ಅಂದಿದ್ದನ್ನು ನಂಬಿ ದುಡ್ಡು ಕೊಟ್ಟೆ, ನೀವು ಕೊಡಬೇಡಿ

ನಿನ್ನೆಯಿಂದ ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಬರೆಯುತ್ತೇನೆ, ಇನ್ನೊಬ್ಬರಿಗೆ ಹೀಗಾಗಬಾರದು.

ಮೇಜು ಒರೆಸಿ ರೌಟರ್ ವೈರುಗಳನ್ನು ಮತ್ತೆ ಸಿಕ್ಕಿಸಿದ ಮೇಲೆ ನೆಟ್ ಬರಲಿಲ್ಲ. ಕಂಪ್ಯೂಟರಿಗೂ ಇಲ್ಲ, ವೈಫೈನಲ್ಲಿರುವ ಫೋನಿಗೂ ಇಲ್ಲ. ರಿಪೇರಿಯವನನ್ನು ಕರೆಸಿದೆ. ಬಂದವನು ಐಪಿಕಾನ್ಫಿಗ್ ಅನ್ನೋ ಕಮಾಂಡ್ ಹೊಡೆದ, 169.254 ಅಂತ ಶುರುವಾಗುವ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ವಿಳಾಸ, ಬಂತು. ‘ಸರ್, ನೆಟ್‌ವರ್ಕ್ ಕಾರ್ಡ್ ಹೋಗಿದೆ’ ಅಂದ. ಕಂಪ್ಯೂಟರಿನಲ್ಲಿ ನೆಟ್ ಕೇಬಲ್ ಸಿಕ್ಕಿಸುವ ಪಾರ್ಟ್ ಅದು. ಫೋನಿಗೂ ನೆಟ್ ಇಲ್ಲ ಅಲ್ವಾ ಅಂತ ಕೇಳಿದೆ. ‘ಅದು ಬೇರೆ, ಇದು ಬೇರೆ ಸರ್.’ ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಹಳೇ ಕಾರ್ಡ್ ಕಿತ್ತು ಹೊಸದು ಹಾಕಿದ. ಐಪಿ ತಾನೇ ಟೈಪ್ ಮಾಡಿದ. ಆಮೇಲೆ ಪಿಂಗ್ 127.0.0.1 ಅಂತ ಹೊಡೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಪಿಂಗ್ ಅಂದರೆ ಒಂದು ಐಪಿಗೆ ಸಂದೇಶ ಕಳಿಸಿ ಉತ್ತರ ಬರುತ್ತಾ ಅಂತ ನೋಡೋದು. ನಾಲ್ಕು ಸಾಲು ರಿಪ್ಲೈ, ಲಾಸ್ 0. ‘ನಾಲ್ಕಕ್ಕೆ ನಾಲ್ಕೂ ಬಂತು ನೋಡಿ ಸರ್. ನಮ್ಮ ಕೆಲಸ ಮುಗೀತು, ಇನ್ನೇನಿದ್ದರೂ ಲೈನಿನವರದ್ದು.’ ನೆಟ್ ಇನ್ನೂ ಬಂದಿರಲಿಲ್ಲ, ಆದರೂ ದುಡ್ಡು ಕೊಟ್ಟು ಕಳಿಸಿದೆ.

ರಾತ್ರಿ ಸಮಾಧಾನ ಆಗಲಿಲ್ಲ. ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅದೇ ಪಿಂಗ್ ಹೊಡೆದೆ. ಅವೇ ನಾಲ್ಕು ರಿಪ್ಲೈ! ವೈರು ನನ್ನ ಕೈಯಲ್ಲಿದೆ, ಕ್ಲಿಪ್ಪು ಬೆರಳಿಗೆ ಒತ್ತುತ್ತಿದೆ, ಸ್ಕ್ರೀನ್ ಮೇಲೆ ಮಾತ್ರ ಎಲ್ಲ ಸರಿ ಇದೆ. ಮೈಯೆಲ್ಲ ಉರಿದುಹೋಯಿತು. 127.0.0.1 ಅಂದರೆ ನಮ್ಮ ಕಂಪ್ಯೂಟರೇ, ತನ್ನನ್ನು ತಾನೇ ಕರೆದು ತಾನೇ ಓಗೊಡುತ್ತದೆ. ಆ ಪಿಂಗ್ ಕಾರ್ಡಿನವರೆಗೂ ಹೋಗುವುದಿಲ್ಲ, ಕೇಬಲ್ಲು ರೌಟರ್ ಮಾತು ದೂರ ಉಳಿಯಿತು. ಅದನ್ನೇ ತೋರಿಸಿ ದುಡ್ಡು ತಗೊಂಡು ಹೋದ.

ಇನ್ನು ಆ 169.254. ಕಂಪ್ಯೂಟರ್ ಐಪಿ ಕೊಡಿ ಅಂತ ಕೇಳಿದೆ, ಯಾರೂ ಕೊಟ್ಟಿಲ್ಲ, ಅದಕ್ಕೆ ತಾನೇ ಒಂದು ಇಟ್ಟುಕೊಂಡಿದೆ, ಅಷ್ಟೇ. ಅದನ್ನು ನೋಡಿದ ಕೂಡಲೇ ಕಾರ್ಡ್ ಸತ್ತಿದೆ ಅನ್ನೋದು ಸುಳ್ಳು. ರೌಟರ್ ಹಿಂದೆ ನೋಡಿದರೆ ನನ್ನ ಕೇಬಲ್ ಹೊರಗಿನ ಲೈನಿಗೆ ಇರುವ ವ್ಯಾನ್ ಪೋರ್ಟಿನಲ್ಲಿ, ಹೊರಗಿನ ಲೈನ್ ಮನೆಯ ಕಂಪ್ಯೂಟರಿಗೆ ಇರುವ ಲ್ಯಾನ್ ಪೋರ್ಟಿನಲ್ಲಿ. ಒರೆಸುವಾಗ ನಾನೇ ಅದಲು ಬದಲು ಮಾಡಿದ್ದೆ. ಸರಿಯಾಗಿ ಹಾಕಿ, ಅವನು ಟೈಪ್ ಮಾಡಿದ್ದ ಐಪಿ ತೆಗೆದು ಆಟೋಮ್ಯಾಟಿಕ್ ಮಾಡಿದೆ. 192.168.1ರ ಐಪಿ ಬಂತು, ಗೇಟ್‌ವೇ, ಅಂದರೆ ರೌಟರ್, 192.168.1.1 ಪಿಂಗಿಗೆ ರಿಪ್ಲೈ ಕೊಟ್ಟಿತು, ನೆಟ್ ಬಂತು. ಫೋನಿಗೂ ಬಂತು.

ದಯವಿಟ್ಟು ಕೇಳಿ. ಫೋನಿಗೂ ನೆಟ್ ಇಲ್ಲದಿದ್ದರೆ ಕಂಪ್ಯೂಟರ್ ಬಿಚ್ಚೋಕೆ ಬಿಡಬೇಡಿ, ಮೊದಲು ರೌಟರ್ ವೈರು ನೋಡಿ. ಯಾರಾದರೂ 127.0.0.1 ತೋರಿಸಿದರೆ ಗೇಟ್‌ವೇಗೆ ಪಿಂಗ್ ಮಾಡಿ ತೋರಿಸು ಅನ್ನಿ. ಬಿಚ್ಚಿದ ಪಾರ್ಟ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಬೆಳಗ್ಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಹೊಸ ಕಾರ್ಡ್ ಹಾಕಿದ್ದಕ್ಕೇ ಬಂದಿದ್ದು ಸರ್’ ಅಂದ. ಹಾಗಾದರೆ ಹಳೇ ಕಾರ್ಡ್ ತಂದುಕೊಡು, ಹಾಕಿ ನೋಡೇಬಿಡೋಣ ಅಂದೆ. ‘ಅದು ಎಸೆದಾಯ್ತು ಸರ್’ ಅಂತ ಫೋನ್ ಇಟ್ಟ.