ಹಗಲೆಲ್ಲ ಕಚೇರಿ, ಮನೆಯಲ್ಲಿ ಗಿಣಿ: ಒಂಟಿ ಕಾಕಟೀಲೋ, ಬಡ್ಜಿಗಳ ಜೋಡಿಯೋ?

ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು, ಬೆಂಗಳೂರಿನ ವಾಹನ ದಟ್ಟಣೆಯನ್ನು ದಾಟಿ ಸಂಜೆ ಏಳರ ಸುಮಾರಿಗೆ ಮರಳುವವರು ಗಿಣಿ ಸಾಕಬಹುದೇ ಎಂದು ಯಾರಾದರೂ ಕೇಳಿದರೆ, ಯಾವ ಗಿಣಿ, ಒಂದೋ ಎರಡೋ ಎಂದು ಮೊದಲು ವಿಚಾರಿಸಬೇಕಾಗುತ್ತದೆ. ಇದೇ ದಿನಚರಿಯಲ್ಲಿ ನಾನು ಮೊದಲು ತಲೆಯ ಮೇಲೆ ಜುಟ್ಟಿರುವ ಸಣ್ಣ ಗಿಣಿಯಾದ ಕಾಕಟೀಲಿನ ಒಂದು ಗಂಡನ್ನೂ ಆಮೇಲೆ ಅದಕ್ಕಿಂತ ಪುಟ್ಟ ಗಿಣಿಗಳಾದ ಬಡ್ಜಿಗಳಲ್ಲಿ ಎರಡು ಗಂಡುಗಳನ್ನೂ ಸಾಕಿದ್ದೇನೆ. ಹಗಲು ಹೊತ್ತು ಮನೆಯಲ್ಲಿ ಯಾರೂ ಇಲ್ಲದವರಿಗೆ ಬಡ್ಜಿಗಳ ಜೋಡಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಎಲ್ಲ ವಿಷಯದಲ್ಲೂ ಅವೇ ಮೇಲು ಎನ್ನಲಾರೆ.

ನಮ್ಮ ಮರಗಳಲ್ಲಿ ಕಾಣುವ, ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ಹಸಿರು ಗಿಣಿಯನ್ನು ಈ ಹೋಲಿಕೆಗೆ ಸೇರಿಸಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ, ಅದು ನ್ಯಾಯವೂ ಹೌದು. ಆಫ್ರಿಕನ್ ಗ್ರೇ, ಮಕಾವ್ ಮುಂತಾದ ದೊಡ್ಡ ವಿದೇಶಿ ಗಿಣಿಗಳನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಚೇರಿಗೆ ಹೋಗುವವರು ಅಷ್ಟು ಚುರುಕು ಬುದ್ಧಿಯ ಹಕ್ಕಿಗಳ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಕಾಕಟೀಲ್ ಮನುಷ್ಯರನ್ನು ಬೇಗ ಹಚ್ಚಿಕೊಳ್ಳುತ್ತದೆ. ನಮ್ಮದು ನಾನು ಬಾಗಿಲ ಬೀಗ ತೆಗೆಯುವ ಸದ್ದಿಗೇ ಶಿಳ್ಳೆ ಹಾಕುತ್ತಿತ್ತು. ಪಂಜರ ತೆರೆದರೆ ಭುಜವೇರಿ ತಲೆ ಬಗ್ಗಿಸುತ್ತಿತ್ತು, ಜುಟ್ಟಿನ ಬುಡದಲ್ಲಿ ಹೊಸದಾಗಿ ಮೂಡುವ ಗರಿಗಳ ಕೊಳವೆಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಈ ಅಕ್ಕರೆಯೇ ಹಗಲಿನಲ್ಲಿ ಅದಕ್ಕೆ ಸಂಕಟವಾಗುತ್ತಿತ್ತು. ಮೊಬೈಲಿಗೆ ಜೋಡಿಸಿದ ಕ್ಯಾಮೆರಾದಲ್ಲಿ ನೋಡಿದರೆ, ಬೆಳಗಿನ ಕೂಗಾಟ ಮುಗಿದ ಮೇಲೆ ಮಧ್ಯಾಹ್ನವೆಲ್ಲ ಅದು ಒಂದೇ ಕೋಲಿನ ಮೇಲೆ ಬಾಗಿಲ ಕಡೆ ಮುಖ ಮಾಡಿ ಕುಳಿತಿರುತ್ತಿತ್ತು. ರೇಡಿಯೊ ಹಾಕಿಟ್ಟೆ, ಕಾಗದದಲ್ಲಿ ನವಣೆ ಸುತ್ತಿ ಅಲ್ಲಲ್ಲಿ ಬಚ್ಚಿಟ್ಟೆ, ಕಚ್ಚಲು ಮೆತ್ತನೆಯ ಮರದ ತುಂಡುಗಳನ್ನು ತೂಗುಹಾಕಿದೆ. ಇವೆಲ್ಲ ಸ್ವಲ್ಪ ಹೊತ್ತಿನ ಕಾಲಕ್ಷೇಪಕ್ಕಾದವೇ ಹೊರತು ಸಂಗಾತಿಯ ಜಾಗವನ್ನು ತುಂಬಲಿಲ್ಲ. ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳಲು ಶುರುಮಾಡಿದಾಗ, ದಿನವಿಡೀ ಮನೆಯಲ್ಲೇ ಇರುವ, ನಿವೃತ್ತರಾದ ನನ್ನ ಸೋದರಮಾವನ ಮೈಸೂರಿನ ಮನೆಗೆ ಅದನ್ನು ಕಳುಹಿಸಿದೆ. ಅಲ್ಲಿ ಗರಿ ಮತ್ತೆ ತುಂಬಿಕೊಂಡಿದೆ.

ಬಡ್ಜಿಗಳ ಹಗಲು ಬೇರೆಯೇ. ಒಂದು ಇನ್ನೊಂದರ ಕತ್ತಿನ ಗರಿ ತೀಡುತ್ತದೆ, ಉಯ್ಯಾಲೆಗಾಗಿ ಜಗಳ ಕಾಯುತ್ತದೆ, ಬಿಸಿಲೇರಿದಾಗ ಎರಡೂ ಮಗ್ಗುಲಿಗೆ ಮಗ್ಗುಲು ತಾಗಿಸಿ ತೂಕಡಿಸುತ್ತವೆ. ನಾನು ತಡವಾಗಿ ಬಂದರೂ ಅವುಗಳಿಗೆ ಕೊರತೆಯೇನೂ ಕಾಣದು. ಕೈಗೆ ಬರುವುದು ಮಾತ್ರ ನಿಧಾನ; ನವಣೆಯ ತೆನೆ ಹಿಡಿದು ತಾಳ್ಮೆಯಿಂದ ಕುಳಿತರಷ್ಟೇ ಬೆರಳಿನ ಮೇಲೆ ಕೂರುತ್ತವೆ, ತೆನೆ ಮುಗಿದೊಡನೆ ಹಾರುತ್ತವೆ. ತಲೆ ಸವರಿಸಿಕೊಳ್ಳುವ ಹಕ್ಕಿಯೇ ಬೇಕೆನ್ನುವವರಿಗೆ ಇದು ನಿರಾಸೆಯೇ ಸರಿ.

ಉದ್ಯೋಗಸ್ಥರಿಗೆ ನಿಜವಾದ ತೊಡಕು ಸಂಜೆಯದು. ಗಿಣಿಗಳಿಗೆ ಹತ್ತರಿಂದ ಹನ್ನೆರಡು ಗಂಟೆಗಳ ಕತ್ತಲೆ ಮತ್ತು ನಿದ್ದೆ ಬೇಕು. ನಾವು ಏಳಕ್ಕೆ ಬಂದು ಹತ್ತರವರೆಗೆ ದೀಪ ಹಾಕಿ ಆಡಿಸುತ್ತೇವೆಂದರೆ ಅದು ಅವುಗಳ ನಿದ್ದೆಯಿಂದ ಕದ್ದ ಹೊತ್ತು. ಆದ್ದರಿಂದ ಎರಡು ಬಗೆಯ ಹಕ್ಕಿಗಳಿಗೂ ನಾನು ಬೆಳಗಿನ ಹೊತ್ತನ್ನೇ ಮೀಸಲಿಟ್ಟೆ: ಆರಕ್ಕೆ ಎದ್ದು, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಪಂಜರ ತೆರೆಯುವುದು. ಬಡ್ಜಿಗಳಿಗೆ ಕೋಣೆಯಲ್ಲಿ ಹಾರಾಡಿದ ಅಷ್ಟೇ ಹೊತ್ತು ಸಾಕಾಗುತ್ತಿತ್ತು, ಕಾಕಟೀಲಿಗೆ ಅದು ಬರೀ ಆರಂಭವಾಗಿತ್ತು. ಕೊತ್ತಂಬರಿ, ನುಗ್ಗೆಸೊಪ್ಪನ್ನು ಈ ಹೊತ್ತಿಗೇ ಕೊಟ್ಟು ಹೊರಡುವ ಮೊದಲು ತೆಗೆಯಬೇಕು, ಬೇಸಿಗೆಯಲ್ಲಿ ಸಂಜೆಯವರೆಗೆ ಬಿಟ್ಟರೆ ಹಳಸುತ್ತವೆ.

ಆರೋಗ್ಯದ ಮೇಲ್ವಿಚಾರಣೆಯಲ್ಲಿ ಕಾಕಟೀಲಿನದೇ ಮೇಲುಗೈ. ಗಿಣಿಗಳು ಕಾಯಿಲೆಯನ್ನು ಮರೆಮಾಚುತ್ತವೆ. ತೂಕ ಇಳಿಯುವುದೇ ಮೊದಲ ಸುಳಿವು. 80ರಿಂದ 100 ಗ್ರಾಂ ತೂಗುವ, ಕೈಗೆ ಒಗ್ಗಿದ ಕಾಕಟೀಲನ್ನು ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸುವುದು ಸುಲಭ. 30–40 ಗ್ರಾಂ ತೂಗುವ ಬಡ್ಜಿ ತಕ್ಕಡಿಯ ಅಂಕಿ ನಿಲ್ಲುವ ಮುಂಚೆಯೇ ಹಾರಿಹೋಗುತ್ತದೆ; ಅದಕ್ಕಾಗಿ ತಕ್ಕಡಿಯ ಮೇಲೆ ಪುಟ್ಟ ಕೋಲು ಕಟ್ಟಿ ತೆನೆಯ ಆಮಿಷ ಒಡ್ಡಬೇಕು. ಆದರೆ ಕಾಕಟೀಲಿನ ಗರಿಗಳಿಂದ ಉದುರುವ ಬಿಳಿ ಹುಡಿ ಪೀಠೋಪಕರಣಗಳ ಮೇಲೆಲ್ಲ ಕೂರುತ್ತದೆ, ಆಸ್ತಮಾ ಇರುವವರ ಮನೆಗೆ ಅದು ತಕ್ಕದ್ದಲ್ಲ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದು ಬರುವ ಹೊಗೆಯಂತೂ ಎರಡಕ್ಕೂ ಪ್ರಾಣಾಂತಕ.

ಬಡ್ಜಿಗಳಲ್ಲಿ ಗಂಡು–ಗಂಡಿನ ಜೋಡಿಯನ್ನು ಆರಿಸಿಕೊಳ್ಳಿ. ಬೆಳೆದ ಹಕ್ಕಿಯಲ್ಲಿ ಕೊಕ್ಕಿನ ಮೇಲಿನ ಮೂಗಿನ ಭಾಗ ಸಾಮಾನ್ಯವಾಗಿ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಅಂಗಡಿಯವರು ಪಂಜರದೊಂದಿಗೆ ಗೂಡಾಗಿ ಕೊಡುವ ಮಡಕೆಯನ್ನು ತರಬೇಡಿ. ಹೆಣ್ಣಿದ್ದರೆ ಆ ಗೂಡೇ ಮೊಟ್ಟೆಯಿಡಲು ಪ್ರಚೋದನೆ, ಮೊಟ್ಟೆ ಹೊರಬರದೆ ಹೊಟ್ಟೆಯಲ್ಲೇ ಸಿಕ್ಕಿಕೊಂಡರೆ ಕಚೇರಿಯಲ್ಲಿರುವ ನಮಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಪಂಜರ ಎತ್ತರಕ್ಕಿಂತ ಅಗಲವಾಗಿರಲಿ, ಸರಳುಗಳ ನಡುವಿನ ಅಂತರ ಅರ್ಧ ಇಂಚು ಮೀರದಿರಲಿ.

ಕಾಕಟೀಲಿನ ಮೇಲೆಯೇ ಮನಸ್ಸಿದ್ದರೆ ಅದನ್ನೂ ಜೋಡಿಯಾಗಿಯೇ ತನ್ನಿ. ಒಂದು ಈಗಾಗಲೇ ಮನೆಯಲ್ಲಿದ್ದರೆ, ಹೊಸದನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿರಿಸಿ, ವೈದ್ಯರಿಂದ ಹಿಕ್ಕೆ ಪರೀಕ್ಷೆ ಮಾಡಿಸಿ, ಆಮೇಲೆ ಪಂಜರಗಳನ್ನು ಹತ್ತಿರ ತರಬೇಕು. ಚೆನ್ನಾಗಿ ನೋಡಿಕೊಂಡರೆ ಅವು ಹದಿನೈದು ಇಪ್ಪತ್ತು ವರ್ಷ ಬದುಕುವ ಹಕ್ಕಿಗಳು. ಅಷ್ಟು ದೀರ್ಘಕಾಲದಲ್ಲಿ ಕೆಲಸ, ಊರು, ಮನೆ ಬದಲಾದಾಗ ಅವುಗಳನ್ನು ನೋಡಿಕೊಳ್ಳುವವರು ಯಾರೆಂದು ತರುವ ಮೊದಲೇ ಮನೆಯವರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು.