ಕೊಡಗಿನಲ್ಲಿ ಟೆಂಟ್ ಬುಕ್ ಮಾಡುವ ಮುಂಚೆ ಹಲಸಿನ ಮರ ಎಲ್ಲಿದೆ ಅಂತ ಕೇಳಿ

ಕೊಡಗಿನಲ್ಲಿ ಕಾಡಿನಂಚಿಗೆ ಟೆಂಟ್ ಹಾಕಿ ಮಲಗಿಸುವ ಜಾಗಗಳು ಈಗ ಜಾಸ್ತಿಯಾಗಿವೆ. ಕಾಫಿ ತೋಟದ ಮೂಲೆಯಲ್ಲಿ ಒಂದಷ್ಟು ಜಾಗ ಸವರಿ, ನಾಲ್ಕು ಟೆಂಟ್ ನಿಲ್ಲಿಸಿ, ಬಣ್ಣದ ದೀಪದ ಸರ ಕಟ್ಟಿದರೆ ಕ್ಯಾಂಪ್ ರೆಡಿ. ಎಲ್ಲವೂ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆದರೆ ಆನೆ ಓಡಾಡುವ ದಾರಿಯಲ್ಲೇ ಟೆಂಟ್ ಹಾಕಿ, ಗೊತ್ತಿದ್ದೂ ಬಾಯಿ ಬಿಡದೆ ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಅಂಥ ಒಂದು ಕಡೆ ಕಳೆದ ಮೇ ತಿಂಗಳಲ್ಲಿ ನಾವು ಸಿಕ್ಕಿಕೊಂಡೆವು.

ಜಾಗದ ಹೆಸರು ಹಾಕುತ್ತಿಲ್ಲ. ಹಾಕಿದರೂ ಉಪಯೋಗವಿಲ್ಲ. ಆ ಇನ್‌ಸ್ಟಾಗ್ರಾಂ ಪೇಜಿನ ಹೆಸರು ಆಗಲೇ ಬದಲಾಗಿದೆ, ಫೋಟೋಗಳು ಮಾತ್ರ ಅವೇ. ಹಾಗಾಗಿ ಇಂಥ ಜಾಗವನ್ನು ಗುರುತು ಹಿಡಿಯುವುದು ಹೇಗೆ ಅನ್ನುವುದನ್ನೇ ಬರೆಯುತ್ತೇನೆ.

ಪ್ಯಾಕೇಜ್ ತಲೆಗೆ 1,800 ರೂಪಾಯಿ. ಟೆಂಟ್, ರಾತ್ರಿ ಊಟ, ಕ್ಯಾಂಪ್‌ಫೈರ್, ಬೆಳಿಗ್ಗೆ ತಿಂಡಿ. ಅರ್ಧ ಹಣ ಮುಂಗಡವಾಗಿ ಯುಪಿಐನಲ್ಲಿ ಕಳಿಸಬೇಕು. ನಾನು, ನನ್ನ ಗಂಡ, ಮಗಳು, ತಮ್ಮ ಮತ್ತು ಅವನ ಹೆಂಡತಿ ಹೊರಟಿದ್ದೆವು. ಹಣ ಕಳಿಸುವ ಮುಂಚೆ ನನ್ನ ಗಂಡ ಫೋನಿನಲ್ಲಿ ಕೇಳಿದ್ದರು, ಆನೆ ಕಾಟ ಇದೆಯಾ ಅಂತ. "ಏನೂ ಇಲ್ಲ ಸಾರ್, ಸುತ್ತ ಸೋಲಾರ್ ಬೇಲಿ ಹಾಕಿದ್ದೀವಿ, ಫುಲ್ ಸೇಫ್" ಅಂದ ಮ್ಯಾನೇಜರ್. ಆನೆ ಕಾಟವೇ ಇಲ್ಲದ ಕಡೆ ಸೋಲಾರ್ ಬೇಲಿ ಯಾಕೆ ಹಾಕುತ್ತಾರೆ, ಅಲ್ವಾ? ಈ ಉತ್ತರ ನಿಮಗೂ ಸಿಕ್ಕರೆ ಅಲ್ಲೇ ಫೋನ್ ಇಡಿ.

ಮೈಸೂರಿನಿಂದ ಹುಣಸೂರು, ತಿತಿಮತಿ, ಗೋಣಿಕೊಪ್ಪ ಮೇಲೆ ವಿರಾಜಪೇಟೆಗೆ ಹೋಗಿ, ಅಲ್ಲಿಂದ ಬೆಟ್ಟದ ಕಡೆ ತಿರುಗಿದೆವು. ತಿತಿಮತಿ ಕಾಡಿನ ರಸ್ತೆಯಲ್ಲಿ ಆನೆ ದಾಟುವ ಜಾಗ ಅಂತ ಬೋರ್ಡ್ ಹಾಕಿದ್ದಾರೆ. ಕಾರಿನೊಳಗೆ ಕೂತು ಹೋಗುವವರಿಗೇ ಅಷ್ಟು ಎಚ್ಚರಿಕೆ ಕೊಡುತ್ತಾರೆ. ಬಟ್ಟೆ ಗೋಡೆಯೊಳಗೆ ಮಲಗುವವರಿಗೆ ಕ್ಯಾಂಪಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಕೊನೆಯ ಒಂದಷ್ಟು ದೂರ ನಮ್ಮ ಕಾರು ಹತ್ತುವುದಿಲ್ಲ ಅಂತ ಜೀಪಿಗೆ ಬೇರೆ ಹಣ ಕೇಳಿದರು. ಅದನ್ನೂ ಮೊದಲು ಹೇಳಿರಲಿಲ್ಲ. ಹಣಕ್ಕಿಂತ ದೊಡ್ಡ ವಿಷಯ ಏನೆಂದರೆ, ಕಾರು ಕೆಳಗೆ ಉಳಿಯಿತು. ರಾತ್ರಿ ಓಡಿಹೋಗಿ ಕೂರಲು ಗಟ್ಟಿಯಾದದ್ದು ಏನೂ ಹತ್ತಿರದಲ್ಲಿ ಇರಲಿಲ್ಲ.

ಜಾಗ ನೋಡಲು ಚೆನ್ನಾಗಿಯೇ ಇತ್ತು. ಒಂದು ಕೆರೆ, ಅದರ ದಂಡೆಯಲ್ಲಿ ಸಮತಟ್ಟಾದ ನೆಲ, ಟೆಂಟ್‌ಗಳು ಅಲ್ಲೇ. ಹಿಂದೆ ಸಿಲ್ವರ್ ಓಕ್, ಪಕ್ಕದಲ್ಲಿ ಕಾಯಿ ತುಂಬಿದ ಎರಡು ಹಲಸಿನ ಮರ. ಫೋಟೋದಲ್ಲಿ ಕೆರೆ ಇತ್ತು, ಹಲಸು ಇರಲಿಲ್ಲ. ಅಷ್ಟನ್ನು ಕತ್ತರಿಸಿ ಹಾಕಿದ್ದರು. ಮರದ ಕೆಳಗೆ ತುಳಿದು ಹಿಂಡಿದ ಹಣ್ಣಿನ ಸಿಪ್ಪೆ, ಸ್ವಲ್ಪ ಆಚೆ ಲದ್ದಿ. ಒಂದು ರಾಶಿ ಒಣಗಿತ್ತು, ಇನ್ನೊಂದು ಹಸಿಯಾಗಿಯೇ ಇತ್ತು. ತೋಟದಂಚಿನಲ್ಲಿ ತಾಳೆ ಜಾತಿಯ ಬೈನೆ ಮರ ಸೀಳಿ ಬಿದ್ದಿತ್ತು. ಬೈನೆಯ ತಿರುಳು ಅಂದರೆ ಆನೆಗೆ ಪ್ರಾಣ. ಮ್ಯಾನೇಜರಿಗೆ ತೋರಿಸಿದರೆ "ಅದು ಹಳೇದು ಮೇಡಂ" ಅಂದ. ಹಳೆಯದಕ್ಕೆ ನೊಣ ಯಾಕೆ ಮುತ್ತಿದೆ ಅಂತ ನನ್ನ ತಮ್ಮ ಕೇಳಿದ. ಅದಕ್ಕೆ ಉತ್ತರ ಬರಲಿಲ್ಲ, ಟೀ ಬಂತು.

ವಾಪಸ್ ಹೋಗೋಣ ಅಂದರೆ ಜೀಪ್ ಆಗಲೇ ಕೆಳಗಿಳಿದಿತ್ತು, ಬೆಳಿಗ್ಗೆಯೇ ಬರುವುದು ಅಂದರು. ಕತ್ತಲಾಗುತ್ತಿತ್ತು. ತೋಟದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಸೌದೆ ತಂದು ಹಾಕುತ್ತಾ ಮೆಲ್ಲಗೆ ಹೇಳಿದರು: "ಅಕ್ಕಾ, ರಾತ್ರಿ ಆ ಮರದ ಕಡೆ ಯಾರೂ ಹೋಗ್ಬೇಡಿ. ಮಧ್ಯಾಹ್ನನೇ ಗ್ರೂಪಲ್ಲಿ ಮೆಸೇಜ್ ಬಂದಿದೆ, ಮೂರು ಆನೆ ಪಕ್ಕದ ತೋಟದಲ್ಲೇ ನಿಂತಿವೆ." ಕೊಡಗಿನಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ. ಆನೆ ಯಾವ ಕಡೆ ಇದೆ ಅನ್ನುವ ಸುದ್ದಿ ತೋಟದವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಆ ಗುಂಪಿನಲ್ಲಿ ಮ್ಯಾನೇಜರ್ ಇಲ್ಲವಾ ಅಂತ ಕೇಳಿದೆ. "ಇದ್ದಾರೆ" ಅಂದರು.

ಹೊರಗಿನಿಂದ ಹೋಗುವ ನಮಗೆ ಒಂದು ವಿಷಯ ಸರಿಯಾಗಿ ಗೊತ್ತಿರುವುದಿಲ್ಲ. ಆನೆ ಕಾಡಿನಲ್ಲಿರುತ್ತದೆ, ತೋಟಕ್ಕೆ ಯಾವಾಗಲಾದರೂ ಬರುತ್ತದೆ ಅಂದುಕೊಂಡಿರುತ್ತೇವೆ. ಕೊಡಗಿನ ಕೆಲವು ಆನೆಗಳು ತೋಟದಲ್ಲೇ ಇರುತ್ತವೆ. ಅಲ್ಲಿ ವರ್ಷವಿಡೀ ನೆರಳು, ಕುಡಿಯಲು ಕೆರೆ, ತಿನ್ನಲು ಹಲಸು, ಬಾಳೆ, ಪಕ್ಕದಲ್ಲಿ ಭತ್ತ. ರೊಬಸ್ಟಾ ಕಾಫಿ ಗಿಡ ಎತ್ತರವಾಗಿ, ದಟ್ಟವಾಗಿ ಬೆಳೆಯುತ್ತದೆ. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಹಗಲು ಅಲ್ಲೇ ನಿಂತು, ಕತ್ತಲಾದ ಮೇಲೆ ಓಡಾಡುತ್ತವೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಅಂತ ಅಂದಾಜು ಮಾಡಿದ್ದರು, ದೇಶದಲ್ಲೇ ಜಾಸ್ತಿ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆ ಕೂಲಿ ಕೆಲಸಕ್ಕೆ ಹೋಗುವವರು ಬೆಳಗಿನ ಜಾವ ತೋಟಕ್ಕೆ ಕಾಲಿಡುವ ಮುಂಚೆ ಎಷ್ಟು ಯೋಚಿಸುತ್ತಾರೆ ಅಂತ ಅವರನ್ನೇ ಕೇಳಬೇಕು. ಅಂಥ ಊರಿನಲ್ಲಿ ಕೆರೆ ಮತ್ತು ಹಲಸಿನ ಮರದ ನಡುವೆ ಟೆಂಟ್ ಹಾಕುವುದು ಅಂದರೆ ಊಟದ ಪಂಕ್ತಿಯ ಮಧ್ಯೆ ಹಾಸಿಗೆ ಹಾಸಿದ ಹಾಗೆ.

ಸೋಲಾರ್ ಬೇಲಿಯ ಕತೆಯನ್ನೂ ಹೇಳಿಬಿಡುತ್ತೇನೆ. ಬೇಲಿ ನಡೆಯುತ್ತಿದ್ದರೆ ಅದರ ಯಂತ್ರದ ಪೆಟ್ಟಿಗೆಯಿಂದ ಸೆಕೆಂಡಿಗೊಮ್ಮೆ ಟಿಕ್ ಟಿಕ್ ಅಂತ ಸದ್ದು ಬರುತ್ತಿರುತ್ತದೆ. ಅಲ್ಲಿ ಸದ್ದೇ ಇರಲಿಲ್ಲ. ಬ್ಯಾಟರಿಯ ವಯರ್ ಕಿತ್ತು ನೇತಾಡುತ್ತಿತ್ತು. ಕೆಳಗಿನ ತಂತಿಯ ಮೇಲೆ ಕಾಡುಬಳ್ಳಿ ಹಬ್ಬಿತ್ತು. ಬಳ್ಳಿ ತಾಗಿದರೆ ಕರೆಂಟ್ ನೆಲಕ್ಕೆ ಇಳಿದುಹೋಗುತ್ತದೆ, ಹಾಗಾಗಿ ಬೇಲಿಯ ಬುಡ ಯಾವಾಗಲೂ ಸವರಿರಬೇಕು. ಚೆನ್ನಾಗಿರುವ ಬೇಲಿಯನ್ನೂ ದಂತದಿಂದ ಕೀಳುವುದು, ಮರ ಬೀಳಿಸಿ ದಾಟುವುದು ಆನೆಗೆ ಗೊತ್ತು. ಬೇಲಿ ಇದೆ ಅಂತ ನಿದ್ದೆ ಮಾಡುವ ಹಾಗಿಲ್ಲ.

ರಾತ್ರಿ ಒಂಬತ್ತಕ್ಕೆ ಗುಡುಗು ಶುರುವಾಯಿತು. ಮುಂಗಾರಿನ ಮುಂಚಿನ ಮಳೆ ಕೊಡಗಿನಲ್ಲಿ ಗಾಳಿಯ ಜೊತೆ ಬರುತ್ತದೆ. ಕೆರೆ ದಂಡೆಯ ತಗ್ಗು ಜಾಗ, ಟೆಂಟ್ ಸುತ್ತ ನೀರು ಹರಿದುಹೋಗಲು ಒಂದು ಚಿಕ್ಕ ಕಾಲುವೆಯೂ ಇಲ್ಲ. ಅರ್ಧ ಗಂಟೆಯಲ್ಲಿ ಹಾಸಿಗೆ ಒದ್ದೆ. ಹಿಂದೆ ಸಿಲ್ವರ್ ಓಕ್ ಕೊಂಬೆಗಳು ಮುರಿದು ಬೀಳುವ ಸದ್ದು.

ಚಳಿ ಅಂದಿದ್ದಕ್ಕೆ ಕ್ಯಾಂಪಿನ ಹುಡುಗ ಬಾರ್ಬೆಕ್ಯೂ ಮಾಡಿದ್ದ ಇದ್ದಿಲಿನ ಅಗ್ಗಿಷ್ಟಿಕೆಯನ್ನೇ ಟೆಂಟಿನೊಳಗೆ ಇಡಲು ತಂದ. "ಎಲ್ರೂ ಇಟ್ಕೊಳ್ತಾರೆ ಅಕ್ಕ, ಬೆಚ್ಚಗಿರುತ್ತೆ" ಅಂದ. ನನ್ನ ತಮ್ಮ ಅವನನ್ನು ಬಾಗಿಲಲ್ಲೇ ತಡೆದ. ದಯವಿಟ್ಟು ಇದೊಂದನ್ನು ಯಾರೂ ಮಾಡಬೇಡಿ. ಹೊಗೆ ಇಲ್ಲದೆ ಕೆಂಪಗೆ ಉರಿಯುವ ಇದ್ದಿಲಿನಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ಮಂಪರು. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ, ಏಳುವುದೇ ಇಲ್ಲ. ಜಿಪ್ ಸ್ವಲ್ಪ ತೆಗೆದಿಟ್ಟರೆ ಸಾಕು ಅನ್ನುವುದೂ ತಪ್ಪು. ಒದ್ದೆ ಬಟ್ಟೆ ಬದಲಿಸಿ, ಇನ್ನೊಂದು ಕಂಬಳಿ ಕೇಳಿ.

ಮಳೆ ನಿಂತ ಮೇಲೆ, ನಡುರಾತ್ರಿ ದಾಟಿತ್ತು, ಕೊಂಬೆ ಮುರಿಯುವ ಸದ್ದು ಮತ್ತೆ ಶುರುವಾಯಿತು. ಈ ಸಲ ಗಾಳಿ ಇರಲಿಲ್ಲ. ಹಲಸಿನ ಕಾಯಿ ಧೊಪ್ಪನೆ ಬಿತ್ತು, ಆಮೇಲೆ ಇನ್ನೊಂದು. ಅಷ್ಟರಲ್ಲಿ ಆ ಹಿರಿಯರು ತೋಟದ ಕೆಲಸದವರ ಲೈನ್ ಮನೆಯಿಂದ ಬಂದು, ಟೆಂಟಿನ ಹಿಂಬದಿಯಿಂದ "ಮಾತಾಡ್ಬೇಡಿ, ಟಾರ್ಚ್ ಹಾಕ್ಬೇಡಿ, ನನ್ನ ಹಿಂದೆ ಬನ್ನಿ" ಅಂದರು. ಮಗಳನ್ನು ಎತ್ತಿಕೊಂಡು, ಚಪ್ಪಲಿಯೂ ಇಲ್ಲದೆ ಅವರ ಹಿಂದೆ ಹೋದೆವು. ಕಾಫಿ ಗೋಡೌನಿನಲ್ಲಿ ಗೋಣಿಚೀಲದ ಮೇಲೆ ಕೂತು ಬೆಳಗು ಮಾಡಿದೆವು. ಅವರು ಆ ಕೆಲಸ ಮಾಡಬೇಕಾಗಿರಲಿಲ್ಲ, ಕ್ಯಾಂಪಿನಿಂದ ಅವರಿಗೆ ಒಂದು ಪೈಸೆಯೂ ಬರುವುದಿಲ್ಲ. ಮ್ಯಾನೇಜರ್ ರಾತ್ರಿ ಊಟ ಬಡಿಸಿದ ಮೇಲೆ ಬೈಕ್ ಹತ್ತಿ ಹೋಗಿದ್ದ.

ಬೆಳಿಗ್ಗೆ ನೋಡಿದರೆ ತಮ್ಮನ ಟೆಂಟ್ ನೆಲಕ್ಕೆ ಅಂಟಿಕೊಂಡಿತ್ತು. ಬ್ರೆಡ್ಡು, ಬಾಳೆಹಣ್ಣು ಇದ್ದ ಬ್ಯಾಗನ್ನು ಎಳೆದುಹಾಕಿ ತುಳಿದಿದ್ದವು. ಆನೆಯ ಮೂಗು ಅಷ್ಟು ಚುರುಕು. ಹಣ್ಣು, ಬೆಲ್ಲ, ಬ್ರೆಡ್ಡು ಏನೇ ಇರಲಿ, ಮಲಗುವ ಜಾಗದಲ್ಲಿ ತಿನ್ನುವ ಸಾಮಾನು ಇಡಬೇಡಿ. 2021ರ ಜನವರಿಯಲ್ಲಿ ಪಕ್ಕದ ವಯನಾಡಿನ ಮೇಪ್ಪಾಡಿ ಹತ್ತಿರ ಇಂಥದ್ದೇ ಟೆಂಟ್ ಜಾಗದಲ್ಲಿ ಆನೆ ದಾಳಿಯಿಂದ ಯುವತಿಯೊಬ್ಬರು ಸತ್ತರು. ಅಂದರೆ ಇದು ಹೊಸ ಸಂಗತಿಯಲ್ಲ, ಈ ವ್ಯವಹಾರ ಮಾಡುವವರಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ.

ಇಷ್ಟೆಲ್ಲಾ ಆದ ಮೇಲೆ ಮ್ಯಾನೇಜರ್ ಬಂದು ಮೊದಲು ಕೇಳಿದ್ದು ಮುರಿದ ಟೆಂಟಿನ ದುಡ್ಡು, 6,500 ರೂಪಾಯಿ. ನಾವು ತಿಂಡಿ ತಂದಿದ್ದಕ್ಕೆ ಆನೆ ಬಂತಂತೆ! ಕೊಡಲಿಲ್ಲ. ಕೆಳಗಿಳಿಯಲು ಜೀಪ್ ಒಂದು ಗಂಟೆ ತಡವಾಗಿ ಬಂತು.

ನೀವು ಹೋಗುವುದಾದರೆ ಕೆಲವು ವಿಷಯ ಮೊದಲೇ ತಿಳಿದುಕೊಳ್ಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಹೋಂಸ್ಟೇ ನೋಂದಣಿ ತೋರಿಸಿದರೆ ಅದು ಮನೆಯ ಕೋಣೆಗಳಿಗೆ ಕೊಟ್ಟದ್ದು, ತೋಟದ ತುದಿಯ ಟೆಂಟಿಗಲ್ಲ. ಮನೆಯಿಂದ ಟೆಂಟ್ ಎಷ್ಟು ದೂರ, ರಾತ್ರಿ ಅಲ್ಲಿ ಯಾರು ಇರುತ್ತಾರೆ, ಟಾಯ್ಲೆಟ್ ಎಲ್ಲಿದೆ, ಕಾರು ಪಕ್ಕಕ್ಕೇ ಬರುತ್ತದಾ ಅಂತ ಕೇಳಿ. ನಮ್ಮ ಕಡೆ ಟಾಯ್ಲೆಟ್ ಕಾಫಿ ಗಿಡಗಳ ನಡುವಿನ ಕಾಲುದಾರಿಯ ಆಚೆ ತುದಿಯಲ್ಲಿತ್ತು. ಜಾಗದ ವಿಡಿಯೋ ಕಾಲ್ ಮಾಡಿಸಿ, ಕ್ಯಾಮೆರಾ ಸುತ್ತ ತಿರುಗಿಸಲು ಹೇಳಿ. ಅದಕ್ಕೆ ಅವರು ಹಿಂಜರಿದರೆ ಆ ಜಾಗವೇ ಬೇಡ ಅಂದುಬಿಡಿ. "ತಡಿಯಂಡಮೋಳ್ ತುದಿಯಲ್ಲೇ ಟೆಂಟ್ ಹಾಕಿಸ್ತೀವಿ" ಅನ್ನುವವರನ್ನಂತೂ ನಂಬಬೇಡಿ. 1,748 ಮೀಟರ್ ಎತ್ತರದ ಆ ಬೆಟ್ಟ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು, ರಾತ್ರಿ ಉಳಿಯಲು ಬಿಡುವುದಿಲ್ಲ. ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ.

ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112. ಬೆಟ್ಟದ ಮೇಲೆ ಸಿಗ್ನಲ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ, ನಮ್ಮ ಯಾರ ಫೋನೂ ಕೆಲಸ ಮಾಡಲಿಲ್ಲ. ಹೋಗುವ ಜಾಗದ ಲೊಕೇಶನ್ ಮನೆಯಲ್ಲೊಬ್ಬರಿಗೆ ಮೊದಲೇ ಕಳಿಸಿ.

ಮುಂಗಡ ಹಣಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಯುಪಿಐ ರಸೀದಿ, ಚಾಟ್, ತುಳಿದ ಟೆಂಟಿನ ಫೋಟೋ ಎಲ್ಲ ಇಟ್ಟುಕೊಂಡಿದ್ದೆವು. ಅರ್ಧ ವಾಪಸ್ ಬಂತು. ಉಳಿದದ್ದರ ಬದಲು ಮ್ಯಾನೇಜರ್ ಒಂದು ಮೆಸೇಜ್ ಕಳಿಸಿದ: ಡಿಸೆಂಬರ್‌ನಲ್ಲಿ ಬನ್ನಿ ಮೇಡಂ, ಡಿಸ್ಕೌಂಟ್ ಕೊಡ್ತೀನಿ, ಆಗ ಹಲಸು ಇರಲ್ಲ. ಡಿಸೆಂಬರ್‌ನಲ್ಲಿ ಕಾಫಿ ಹಣ್ಣಾಗಿರುತ್ತದೆ. ಆನೆ ಅದನ್ನೂ ತಿನ್ನುತ್ತದೆ, ಲದ್ದಿಯಲ್ಲಿ ಬೀಜ ಕಾಣುತ್ತದೆ.