ಪ್ರಬಂಧಕ್ಕೆ ಲೇಟೆಕ್: ಎರಡನೇ ಕಂಪೈಲ್‌ನ ಖುಷಿ, ತಿದ್ದುಪಡಿಯ ಕಾಟ

ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕ ಅನ್ನುವ ಹುಳುವಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಪ್ರಬಂಧದ ತುಂಬ ಕೋಷ್ಟಕ, ಗ್ರಾಫು, ಫೋಟೋ. ಅದನ್ನು ಬರೆಯುತ್ತಿರುವುದು ಲೇಟೆಕ್‌ನಲ್ಲಿ, ಅಂದರೆ ಪಠ್ಯದ ಜೊತೆ ಕಮಾಂಡ್ ಬರೆದರೆ ಪುಟವನ್ನು ತಾನೇ ಜೋಡಿಸಿಕೊಡುವ ತಂತ್ರಾಂಶದಲ್ಲಿ. ಅದರಲ್ಲಿ ಏನೇನಿದೆ ಅನ್ನೋದು ಎಲ್ಲ ಕಡೆ ಸಿಗುತ್ತದೆ, ಅದು ಬೇಡ. ನನ್ನನ್ನು ಹಿಡಿದಿಟ್ಟಿದ್ದು ಚಿತ್ರಗಳ ನಂಬರ್.

ವರ್ಡ್ ಪ್ರೊಸೆಸರ್‌ನಲ್ಲೂ ಕ್ರಾಸ್ ರೆಫರೆನ್ಸ್ (ಪಠ್ಯದೊಳಗೆ ಚಿತ್ರದ ನಂಬರ್ ತಾನಾಗಿ ಬರುವ ವ್ಯವಸ್ಥೆ) ಇದೆ, ನಿಜ. ಆದರೆ ಪ್ರತಿಸಲ ಮೆನುವಿಗೆ ಹೋಗಿ ಸೇರಿಸಬೇಕು, ಆಮೇಲೆ ಫೀಲ್ಡ್ ಅಪ್‌ಡೇಟ್ ಮಾಡಬೇಕು. ಲೇಟೆಕ್‌ನಲ್ಲಿ ಚಿತ್ರಕ್ಕೊಂದು ಹೆಸರಿಟ್ಟು, ಪಠ್ಯದಲ್ಲಿ ಆ ಹೆಸರಿನಿಂದ ಕರೆದರೆ ಮುಗಿಯಿತು. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಹುಳು ಕೊರೆದ ಕಾಂಡದ ಹೊಸ ಫೋಟೋ ಒಂದನ್ನು ಅಧ್ಯಾಯದ ನಡುವೆ ಸೇರಿಸುತ್ತೇನೆ. ಮೊದಲ ಕಂಪೈಲ್‌ಗೆ, ಅಂದರೆ ಬರೆದದ್ದನ್ನು ಪಿಡಿಎಫ್ ಮಾಡಿಸಿದಾಗ, ಅದರಲ್ಲಿ ನಂಬರ್ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ. ಇನ್ನೊಮ್ಮೆ ಒತ್ತಿದರೆ ನಂಬರ್ ಬಂದು ಕೂತಿರುತ್ತದೆ. ಮುಂದಿನ ಚಿತ್ರಗಳೆಲ್ಲ ತಾವಾಗೇ ಸರಿದಿರುತ್ತವೆ, ಪಠ್ಯದೊಳಗೆ ಅವುಗಳ ಉಲ್ಲೇಖವೂ ಸೇರಿ. ಇದನ್ನು ನೋಡುವುದು ನನಗೆ ಇನ್ನೂ ಬೇಸರ ಬಂದಿಲ್ಲ.

ಬೆಳೆಗಾರರ ಮಾತುಗಳನ್ನು ಅನುಬಂಧದಲ್ಲಿ ಕನ್ನಡದಲ್ಲೇ ಕೊಟ್ಟಿದ್ದೇನೆ. ಲೇಟೆಕ್ ಕಂಪೈಲ್ ಮಾಡುವ ಪ್ರೋಗ್ರಾಂಗಳಲ್ಲಿ ಪಿಡಿಎಫ್‌ಲೇಟೆಕ್ ಒಂದು, ಅದರಲ್ಲಿ ಯೂನಿಕೋಡ್ ಕನ್ನಡ ಆಗಲ್ಲ. ಅದರ ಬದಲು ಝೀಲೇಟೆಕ್ ಹಾಕಿ, ನೋಟೊ ಸೆರಿಫ್ ಕನ್ನಡ ಫಾಂಟ್ ಕೊಟ್ಟರೆ ಒತ್ತಕ್ಷರಗಳು ಚೆನ್ನಾಗಿ ಬರುತ್ತವೆ. ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಫೆಲೋಶಿಪ್ ದುಡ್ಡಿನಲ್ಲಿ ಬದುಕುವವರಿಗೆ ಲೇಟೆಕ್ ಉಚಿತ ಅನ್ನೋದು ಸಣ್ಣ ಮಾತಲ್ಲ. ಲೇಟೆಕ್‌ಗೆ ಬೇಕಾದ್ದೆಲ್ಲ ಒಟ್ಟಿಗೆ ಇರುವ ಟೆಕ್ ಲೈವ್ ಪೂರ್ತಿ ಹಾಕಿಕೊಳ್ಳಲು ಹಲವು ಜಿಬಿ ಬೇಕು, ನೆಟ್ ಚೆನ್ನಾಗಿರುವ ಕಡೆ ಇಳಿಸಿಕೊಳ್ಳಿ. ಆಮೇಲೆ ನೆಟ್ಟೇ ಬೇಡ. ಆಷಾಢದ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಆನ್‌ಲೈನ್ ಎಡಿಟರ್ ನಂಬಿದವರು ಸುಮ್ನೆ ಕೂರಬೇಕು. ನಾನು ಬ್ಯಾಟರಿ ಇರುವಷ್ಟು ಹೊತ್ತು ಬರೆಯುತ್ತೇನೆ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ವಿಷಯ ಚುಚ್ಚುತ್ತದೆ. ನನ್ನ ಗೈಡ್‌ಗೆ ಟ್ರ್ಯಾಕ್ ಚೇಂಜಸ್ (ಮಾಡಿದ ತಿದ್ದುಪಡಿಗಳು ಗುರುತಾಗಿ ಕಾಣುವ ಸೌಲಭ್ಯ) ಇರುವ ವರ್ಡ್ ಪ್ರೊಸೆಸರ್ ಫೈಲೇ ಬೇಕು. ಒಂದು ಬಗೆಯ ಫೈಲನ್ನು ಇನ್ನೊಂದಕ್ಕೆ ಮಾರ್ಪಡಿಸುವ ಪ್ಯಾನ್‌ಡಾಕ್‌ನಿಂದ ಬದಲಾಯಿಸಿ ಕೊಡುತ್ತೇನೆ. ಸರಳ ಪಠ್ಯ ಚೆನ್ನಾಗೇ ಹೋಗುತ್ತದೆ, ಕಷ್ಟದ ಕೋಷ್ಟಕಗಳು ಕೆಡುತ್ತವೆ. ಅವರು ಕೆಂಪು ಗುರುತು ಹಾಕಿ ಕಳಿಸಿದ್ದನ್ನೆಲ್ಲ ಒಂದೊಂದಾಗಿ ಕೈಯಾರೆ ಮೂಲ ಫೈಲಿಗೆ ಏರಿಸಬೇಕು. ಒಂದು ಅಧ್ಯಾಯಕ್ಕೆ ಸಂಜೆಗಳೇ ಹೋಗುತ್ತವೆ. ನಂಬರ್‌ನಲ್ಲಿ ಉಳಿಸಿದ ಸಮಯ ಜಾಸ್ತಿಯೋ ಇಲ್ಲಿ ಕಳೆದದ್ದು ಜಾಸ್ತಿಯೋ ಅನ್ನುವ ಅನುಮಾನ ಆಗ ಬರುತ್ತದೆ.

ಹಾಗಾಗಿ ಮೂರ್ನಾಲ್ಕು ಜನ ಸೇರಿ ಬರೆಯುವ ಹತ್ತು ಪುಟದ ಲೇಖನವನ್ನು ಈಗ ಲಿಬ್ರೆಆಫೀಸ್ ರೈಟರ್‌ನಲ್ಲೇ ಮುಗಿಸುತ್ತೇನೆ. ಪ್ರಬಂಧ ಮಾತ್ರ ಲೇಟೆಕ್‌ನಲ್ಲೇ. ಹೊಸದಾಗಿ ಶುರು ಮಾಡುವವರು ಮೊದಲ ಅಧ್ಯಾಯಕ್ಕೂ ಮುಂಚೆ, ತಿದ್ದುವವರಿಗೆ ಪಿಡಿಎಫ್ ಮೇಲೆ ಗುರುತು ಹಾಕುವುದು ಒಪ್ಪಿಗೆಯೇ ಅಂತ ಕೇಳಿಕೊಳ್ಳಿ.